ಕ್ರಿಸ್ಮಸ್ ಊಟಕ್ಕೆ ಮೊಂತಿಯ ಅಡುಗೆ

ನಮ್ಮ ಕರಾವಳಿಯ ಕೆಥೊಲಿಕರ ಮನೆಗಳಲ್ಲಿ ಕ್ರಿಸ್ಮಸ್ ಊಟಕ್ಕೆ ಏನೇನಿರುತ್ತದೆ ಎಂದು ಊರಿಗೆಲ್ಲ ಗೊತ್ತು. ಇಡ್ಲಿಯಂಥ ಸಾನ್ನಾಂ, ಹಂದಿ ಮಾಂಸದ ದುಕ್ರಾಮಾಸ್, ಕೋಳಿ ರೊಟ್ಟಿ, ಪಲಾವ್, ಕೆಲವು ಮನೆಗಳಲ್ಲಿ ಹಂದಿ ಮಾಂಸದ್ದೇ ಇನ್ನೊಂದು ಪದಾರ್ಥ ಸೊರ್ಪೊತೆಲ್. ಇದರ ಜೊತೆಗೆ ಮೇಜಿನ ಆ ತುದಿಯಲ್ಲಿ ಇನ್ನೆರಡು ಪಾತ್ರೆ ಇರುತ್ತವೆ. ಒಂದರಲ್ಲಿ ಪನೀರ್ ಬಟರ್ ಮಸಾಲ, ಇನ್ನೊಂದರಲ್ಲಿ ಗೋಬಿ ಮಂಚೂರಿ. ಎರಡೂ ಹೋಟೆಲಿನಿಂದ ತರಿಸಿದ್ದು. "ಅದು ವೆಜ್‌ನವರಿಗೆ" ಎಂದು ಕೈ ತೋರಿಸಿ ನಾವು ಮುಂದಿನ ಅತಿಥಿಯ ಕಡೆ ತಿರುಗುತ್ತೇವೆ.

ಆ ಎರಡು ಪಾತ್ರೆಗಳ ಬಗ್ಗೆ ನನಗೆ ಬಹಳ ವರ್ಷಗಳಿಂದ ಬೇಸರವಿದೆ. ರುಚಿಯ ಬಗ್ಗೆ ಅಲ್ಲ, ಪನೀರ್ ಚೆನ್ನಾಗಿಯೇ ಇರುತ್ತದೆ. ಆದರೆ ಹಬ್ಬದ ಮನೆಗೆ ಬಂದವರಿಗೆ ಆ ಮನೆಯ ಅಡುಗೆ ಸಿಗಬೇಕು ಅಲ್ವಾ? ಪಕ್ಕದ ಮನೆಯ ಭಟ್ರು ಚೌತಿಗೆ ನಮ್ಮನ್ನು ಕರೆಯುತ್ತಾರೆ. ಎಲೆ ಹಾಕಿ, ಕೊಟ್ಟೆ ಕಡುಬಿನಿಂದ ಹಿಡಿದು ಪಂಚಕಜ್ಜಾಯದವರೆಗೆ ಅವರ ಮನೆಯಲ್ಲಿ ಆವತ್ತು ಏನು ಮಾಡಿದ್ದಾರೋ ಅದನ್ನೇ ಬಡಿಸುತ್ತಾರೆ. ನಾವು ಅವರ ಹಬ್ಬವನ್ನು ಉಂಡು ಬರುತ್ತೇವೆ. ಡಿಸೆಂಬರ್ 25ಕ್ಕೆ ಅವರು ನಮ್ಮಲ್ಲಿಗೆ ಬಂದರೆ ಅವರಿಗೆ ಸಿಗುವುದು ಪೇಟೆಯ ಯಾವ ಹೋಟೆಲಿನಲ್ಲಾದರೂ ಸಿಗುವ ಊಟ. ನಮ್ಮ ಹಬ್ಬದ ರುಚಿ ಅವರಿಗೆ ಗೊತ್ತಾಗುವುದೇ ಇಲ್ಲ.

ಇದಕ್ಕೆ ನಮ್ಮವರು ಕೊಡುವ ಕಾರಣ ಒಂದೇ. "ನಮ್ಮ ಅಡುಗೆಯಲ್ಲಿ ವೆಜ್ ಎಲ್ಲಿದೆ?" ಈ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೊಂದು ದಿನ ಮೀನಿನ ವಾಸನೆಯೂ ಇಲ್ಲದೆ, ಬಾಳೆ ಎಲೆಯ ತುಂಬ ತರಕಾರಿ ಉಣ್ಣುವವರು ನಾವೇ ಅಲ್ಲವೇ?

ಸೆಪ್ಟೆಂಬರ್ 8, ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದೇ ದಿನ ನಮಗೆ ಹೊಸ ಅಕ್ಕಿಯ ಹಬ್ಬವೂ ಹೌದು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ ನೇತ್ರಾವತಿಯ ದಡದಲ್ಲಿರುವ ಮೊಂತೆ ಮರಿಯಾನೊದಲ್ಲಿ, 1763ರಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದಾ ಇದನ್ನು ಶುರು ಮಾಡಿದರು ಎಂದು ಹಿರಿಯರು ಹೇಳುತ್ತಾರೆ. ಹಬ್ಬಕ್ಕೂ ಮೊದಲು 9 ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ನೊವೆನ ಪ್ರಾರ್ಥನೆ. ಮಕ್ಕಳು ತಟ್ಟೆ ತುಂಬ ಹೂವು ತಂದು ಮರಿಯಮ್ಮನ ಮೂರ್ತಿಗೆ ಹಾಕುತ್ತಾರೆ. ಗೋರಂಟಿ, ದಾಸವಾಳ, ಗುಡ್ಡದ ಕಾಡು ಹೂವು, ಯಾವುದಾದರೂ ಆದೀತು. ಹಬ್ಬದ ದಿನ ಪಾದ್ರಿಗಳು ಗದ್ದೆಯಿಂದ ತಂದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಗೆ ತಂದು ಅಲ್ತಾರಿನ (ದೇವರ ಪೀಠದ) ಮುಂದೆ ಇಟ್ಟು, ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಒಂದೊಂದೇ ಭತ್ತದ ಸಿಪ್ಪೆ ತೆಗೆಯುತ್ತಾರೆ. ಆ ಅಕ್ಕಿಯನ್ನು ಜಜ್ಜಿ ಹಾಲಿಗೋ ತೆಂಗಿನ ಹಾಲಿಗೋ ಹಾಕಿ ಎಲ್ಲರಿಗೂ ಕೊಡುತ್ತಾರೆ. ಗಲ್ಫಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುವ ಮನೆಗಳೂ ಇವೆ.

ಆಮೇಲೆ ಊಟ. ಪಲ್ಯ, ತೆಂಗಿನಕಾಯಿ ಅರೆದು ಮಾಡುವ ಗಸಿಗಳ ಲೆಕ್ಕ ಬೆಸ ಸಂಖ್ಯೆಯಲ್ಲೇ ಬರಬೇಕು. 3, 5, 7, ಕೈಲಾದವರು 9. ಕೆಸುವಿನ ಎಲೆ, ಹರಿವೆ ದಂಟು, ಅಂಬಟೆ ಹಾಕಿ ಮಾಡುವ ಅಳುಂ ದೆಂಟೊ. ತೊಂಡೆಕಾಯಿಗೆ ಗೋಡಂಬಿ ಸೇರಿಸಿ ಮಾಡುವ ತೆಂಡ್ಲಿ ಬಿಬ್ಬೊ. ಹಾಗಲಕಾಯಿಗೆ ಅಂಬಟೆ. ಬೆಂಡೆ, ಅಲಸಂದೆ, ಹೀರೆಕಾಯಿ, ಮೊಳಕೆ ಬಂದ ಹೆಸರುಕಾಳು. ಕೊನೆಗೆ ಬೆಲ್ಲ, ತೆಂಗಿನ ಹಾಲಿನ ವೊರ್ನ್. ಪಾಯಸವೇ ಅದು. ಆವತ್ತು ದುಕ್ರಾಮಾಸ್ ಇಲ್ಲ ಎಂದು ಯಾರೂ ಮುಖ ಸಣ್ಣ ಮಾಡುವುದಿಲ್ಲ. ಎಲೆಯ ಮೇಲೆ ಏನೋ ಕಡಿಮೆ ಇದೆ ಅಂತ ಅನಿಸುವುದೇ ಇಲ್ಲ. ಯಾಕೆಂದರೆ ಆ ಊಟವನ್ನು ಮೊದಲಿನಿಂದಲೇ ಊಟ ಎಂದು ಯೋಚಿಸಿ ಮಾಡಿರುತ್ತಾರೆ.

ಸಸ್ಯಾಹಾರಿ ಅತಿಥಿಗೆ ಬಡಿಸುವಾಗ ಎಲ್ಲ ಹೆಚ್ಚುಕಡಿಮೆ ಆಗುವುದು ಇಲ್ಲೇ. ನಾವು ಮಾಂಸದ ಊಟ ಯೋಚಿಸುತ್ತೇವೆ, ಅದರಿಂದ ಮಾಂಸ ತೆಗೆಯುತ್ತೇವೆ, ಉಳಿದದ್ದನ್ನು ಅವರಿಗೆ ಬಡಿಸುತ್ತೇವೆ. ಸಾನ್ನಾಂ ಉಂಟು, ಅದಕ್ಕೆ ನೆಂಚಿಕೊಳ್ಳಲು ಏನೂ ಇಲ್ಲ. ಪಲಾವ್ ಉಂಟು, ಪಕ್ಕಕ್ಕೆ ಬರೀ ಸಲಾಡ್. ಆ ಖಾಲಿ ಜಾಗ ತುಂಬಿಸಲು ಹೋಟೆಲಿಗೆ ಫೋನು. ನಾನೀಗ ಮಾಡುವುದು ಬೇರೆ. ಸೆಪ್ಟೆಂಬರಿನ ಅಡುಗೆಯಿಂದ ಡಿಸೆಂಬರಿಗೆ ಒಗ್ಗುವಷ್ಟನ್ನು ಎತ್ತಿಕೊಳ್ಳುತ್ತೇನೆ.

ಎಲ್ಲವೂ ಒಗ್ಗುವುದಿಲ್ಲ. ಕೆಸುವಿನ ಎಲೆ ಮಳೆಗಾಲದ್ದೇ ಚೆಂದ, ಡಿಸೆಂಬರಿಗೆ ಬಲಿತು ತುರಿಸುತ್ತದೆ. ಎಳೆ ಗುಜ್ಜೆ (ಹಲಸಿನ ಕಾಯಿ) ಆಗ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಆದರೆ ತೊಂಡೆಕಾಯಿ ಸಿಗುತ್ತದೆ, ಹರಿವೆ ಸಿಗುತ್ತದೆ, ಬಾಳೆಕಾಯಿ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಸುವರ್ಣಗಡ್ಡೆ ಆಗಷ್ಟೇ ಅಗೆದು ಸಂತೆಗೆ ಬಂದಿರುತ್ತದೆ. ನನ್ನ ಕ್ರಿಸ್ಮಸ್ ಮೇಜಿನಲ್ಲಿ ಮಾಂಸ ತಿನ್ನದವರಿಗೆ ಮುಖ್ಯ ಪದಾರ್ಥ ಅದೇ. ಸುವರ್ಣಗಡ್ಡೆಯ ಬಫಾತ್.

ಬಫಾತ್ ಪುಡಿ ಅಂದ ಕೂಡಲೇ ಎಲ್ಲರಿಗೂ ಹಂದಿ ಮಾಂಸವೇ ನೆನಪಾಗುತ್ತದೆ. ಪುಡಿಯಲ್ಲಿ ಮಾಂಸದ್ದು ಏನೂ ಇಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಿಸಿನ, ಲವಂಗ, ಚಕ್ಕೆ. ಬೇಸಿಗೆಯ ಬಿಸಿಲಿಗೆ ಒಣಗಿಸಿ ಪುಡಿ ಮಾಡಿಸಿ ಡಬ್ಬಿಯಲ್ಲಿಟ್ಟರೆ ವರ್ಷವಿಡೀ ಬರುತ್ತದೆ. ನಮ್ಮ ಮನೆಯ ವಾಸನೆ ಅಂದರೆ ಈ ಪುಡಿಯದ್ದು. ಅದನ್ನು ಮಾಂಸ ತಿನ್ನದವರಿಂದ ಬಚ್ಚಿಡುವುದು ಯಾಕೆ?

ಸುವರ್ಣಗಡ್ಡೆಯನ್ನು ದೊಡ್ಡ ತುಂಡು ಮಾಡಬೇಕು, ದುಕ್ರಾಮಾಸಿಗೆ ಕತ್ತರಿಸುವಷ್ಟೇ ದೊಡ್ಡದು. ಸಣ್ಣ ಮಾಡಿದರೆ ಕರಗಿ ಹೋಗುತ್ತದೆ. ಗಡ್ಡೆಯೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ನಾಲಿಗೆ, ಗಂಟಲು ತುರಿಸುವುದು ಅದಕ್ಕೇ. ಹುಳಿ ತಾಗಿದರೆ ತುರಿಕೆ ಕಡಿಮೆಯಾಗುತ್ತದೆ. ಹಾಗಾಗಿ ತುಂಡುಗಳನ್ನು ಉಪ್ಪು, ಹುಣಸೆ ನೀರಿನಲ್ಲಿ ಮುಕ್ಕಾಲು ಬೇಯಿಸಿ ಆ ನೀರು ಚೆಲ್ಲುತ್ತೇನೆ. ದಪ್ಪ ತಳದ ಪಾತ್ರೆಯಲ್ಲಿ ತೆಂಗಿನೆಣ್ಣೆ ಕಾಯಿಸಿ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು ಹಾಕಿ ಬಾಡಿಸಬೇಕು. ಬಫಾತ್ ಪುಡಿಗೆ ಸ್ವಲ್ಪ ವಿನೆಗರ್ ಸೇರಿಸಿ ಕಲಸಿ ಹಾಕಬೇಕು. ಎಣ್ಣೆ ಮೇಲೆ ಬಿಡುವ ತನಕ ಸಣ್ಣ ಉರಿ. ಹಂದಿ ಮಾಂಸದಲ್ಲಿ ಅದರ ಕೊಬ್ಬೇ ಕರಗಿ ಮಸಾಲೆಗೆ ಮೈ ಕೊಡುತ್ತದೆ. ಗಡ್ಡೆಯಲ್ಲಿ ಅದು ಇಲ್ಲ. ಅದಕ್ಕೆ ತೆಂಗಿನೆಣ್ಣೆ ಧಾರಾಳವಾಗಿ ಹಾಕುತ್ತೇನೆ, ಕೊನೆಗೆ ಹುರಿದ ತೆಂಗಿನತುರಿಯನ್ನು ನುಣ್ಣಗೆ ಅರೆದು ಸೇರಿಸುತ್ತೇನೆ. ಹಿಂದಿನ ದಿನವೇ ಮಾಡಿಟ್ಟರೆ ಒಳ್ಳೆಯದು. ರಾತ್ರಿ ಕಳೆದರೆ ಖಾರ, ಹುಳಿ ಗಡ್ಡೆಯ ಒಳಗಿನವರೆಗೂ ಇಳಿದು ಬೆಳಗ್ಗೆ ರುಚಿಯೇ ಬೇರೆ. ಸಾನ್ನಾಂ ಮುರಿದು ಅದರ ರಸದಲ್ಲಿ ಅದ್ದಿ ತಿನ್ನಬೇಕು. ನಮ್ಮ ಕ್ರಿಸ್ಮಸ್ ರುಚಿ ಅಂದರೆ ಇದು.

ಇನ್ನು ಸಾನ್ನಾಂ. ಹಳೆಯ ಕ್ರಮದಲ್ಲಿ ಅಕ್ಕಿ, ಉದ್ದಿನ ಹಿಟ್ಟು ಉಬ್ಬಲು ಶೇಂದಿ ಹಾಕುತ್ತಾರೆ. ಈಗ ಶೇಂದಿ ಸಿಗುವುದು ಕಷ್ಟ, ಹೆಚ್ಚಿನವರು ಯೀಸ್ಟ್ ಹಾಕುತ್ತಾರೆ. ಶೇಂದಿ ಹಾಕಿದ್ದರೆ ಅತಿಥಿಗೆ ಹೇಳಿಬಿಡಬೇಕು. ಆವಿಯಲ್ಲಿ ಬೇಯುವಾಗ ಅಮಲೆಲ್ಲ ಹೋಗುತ್ತದೆ ಎಂದು ನಾವೇ ತೀರ್ಮಾನ ಮಾಡಬಾರದು. ತಿನ್ನುವವರು ಅವರು, ತೀರ್ಮಾನವೂ ಅವರದ್ದೇ.

ಹೇಳುವುದಕ್ಕೂ ಮೊದಲು ಕೇಳುವ ಕೆಲಸ ಇದೆ. "ಅವರು ವೆಜ್" ಅಂದರೆ ಸಾಲದು. ನಮ್ಮ ಕರಾವಳಿಯಲ್ಲಂತೂ ಖಂಡಿತ ಸಾಲದು. ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವ ರೂಢಿ ನಮ್ಮದು. ಅದಕ್ಕೇ ನಮ್ಮ ಹಿರಿಯರಿಗೆ ಮೀನು ಮಾಂಸದ ಲೆಕ್ಕದಲ್ಲೇ ಇಲ್ಲ. "ಮಾಂಸ ಬೇಡ್ವಾ? ಹಾಗಾದರೆ ಮೀನು ಫ್ರೈ ಮಾಡ್ತೇನೆ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಬಸಳೆಗೆ, ಸೌತೆಕಾಯಿಗೆ ಒಂದು ಹಿಡಿ ಒಣ ಸಿಗಡಿ ಹಾಕುವುದು ಎಷ್ಟು ಅಭ್ಯಾಸವಾಗಿದೆಯೆಂದರೆ ಅದು ಹಾಕಿದ್ದೇ ಕೆಲವರಿಗೆ ನೆನಪಿರುವುದಿಲ್ಲ.

ನಮ್ಮ ಮನೆಗೆ ಬರುವವರನ್ನೇ ನೋಡಿದರೂ ಒಬ್ಬೊಬ್ಬರದು ಒಂದೊಂದು ಕ್ರಮ. ಭಟ್ರ ಮನೆಯವರಿಗೆ ಈರುಳ್ಳಿ, ಬೆಳ್ಳುಳ್ಳಿ ದಿನನಿತ್ಯ ಅಡ್ಡಿಯಿಲ್ಲ, ಏಕಾದಶಿ ಬಂದರೆ ಅನ್ನವೇ ಇಲ್ಲ. ಮೂಡುಬಿದಿರೆ ಕಡೆಯ ಜೈನ ಸ್ನೇಹಿತರಿಗೆ ನೆಲದೊಳಗೆ ಬೆಳೆಯುವ ಗಡ್ಡೆಗಳು ಬೇಡ. ಅಂದರೆ ನನ್ನ ಹೆಮ್ಮೆಯ ಸುವರ್ಣಗಡ್ಡೆ ಅವರಿಗೆ ಆಗುವುದಿಲ್ಲ, ಅವರಿಗೆ ಬಾಳೆಕಾಯಿಯದ್ದು ಬೇರೆ ಮಾಡಬೇಕು, ಅದೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ. ಕತ್ತಲಾದ ಮೇಲೆ ಅವರು ಉಣ್ಣುವುದಿಲ್ಲ. ರಾತ್ರಿ ಊಟಕ್ಕೆ ಕರೆದು ಎಲ್ಲರೂ ಬರುವ ತನಕ ಅವರನ್ನು ಕಾಯಿಸಿದರೆ ಕರೆದೂ ಕರೆಯದ ಹಾಗೆ. ಹುಬ್ಬಳ್ಳಿಯಿಂದ ಬರುವ ಲಿಂಗಾಯತ ಗೆಳತಿಗೆ ಈರುಳ್ಳಿ, ಬೆಳ್ಳುಳ್ಳಿ, ಖಾರ ಎಲ್ಲ ಆದೀತು, ಮೊಟ್ಟೆ ಮಾತ್ರ ಸುತಾರಾಂ ಆಗದು.

ಇನ್ನೊಂದು ಗುಂಪನ್ನು ನಾವು ಮರೆಯುವುದೇ ಹೆಚ್ಚು. ಶಬರಿಮಲೆಯ ಮಂಡಲ ಕಾಲ ನವೆಂಬರ್ ಮಧ್ಯದಲ್ಲಿ ಶುರುವಾಗಿ 41 ದಿನ ನಡೆಯುತ್ತದೆ. ಮಂಡಲ ಪೂಜೆ ಬರುವುದು ಡಿಸೆಂಬರ್ 26 ಅಥವಾ 27ಕ್ಕೆ. ಅಂದರೆ ಕ್ರಿಸ್ಮಸ್ ದಿನ ಊರಿನಲ್ಲಿ ಎಷ್ಟೋ ಜನರ ಕೊರಳಲ್ಲಿ ಮಾಲೆ ಇರುತ್ತದೆ. ಬೇರೆ ದಿನ ನಮ್ಮ ಮನೆಯಲ್ಲಿ ಕೋಳಿ, ಮೀನು ಎಲ್ಲ ತಿನ್ನುವ ಎದುರು ಮನೆ ಶೆಟ್ರ ಮಗ ಆ ದಿನ ಸಸ್ಯಾಹಾರಿ. ಮಾಲೆ ಹಾಕಿದ ಕೆಲವರು ಬೇರೆ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದೇ ಇಲ್ಲ. ಅಂಥವರಿಗೆ ಎಳನೀರು, ಬಾಳೆಹಣ್ಣು, ಕಿತ್ತಳೆ. ಅವರು ನಮ್ಮ ಅಡುಗೆ ಉಣ್ಣದಿದ್ದರೆ ನಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ವ್ರತ ಅವರದು. ಹಬ್ಬದ ದಿನ ಅಂಗಳಕ್ಕೆ ಬಂದು ಕೂತು ಎಳನೀರು ಕುಡಿದು ಹೋದರಲ್ಲ, ಅದು ದೊಡ್ಡದು.

ಹಳೆಯ ಕಾಲದವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಉಣ್ಣದ ಮನೆಗಳಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಬಾಳೆಗೊನೆ, ತರಕಾರಿಯನ್ನು ಬುಟ್ಟಿಯಲ್ಲಿಟ್ಟು ಕಳಿಸುತ್ತಿದ್ದರು. ಅವರು ಅವರ ಒಲೆಯಲ್ಲೇ ಬೇಯಿಸಿಕೊಳ್ಳುತ್ತಿದ್ದರು. ಆ ದೂರ ಇಟ್ಟುಕೊಳ್ಳುವುದರ ಹಿಂದೆ ಜಾತಿಯ ಲೆಕ್ಕವೂ ಇತ್ತು, ಅದನ್ನು ನಾನು ಚೆಂದ ಮಾಡಿ ಹೇಳುವುದಿಲ್ಲ. ಆದರೂ ಹಬ್ಬ ಬಂದರೆ ಆ ಮನೆಯನ್ನು ಬಿಟ್ಟುಬಿಡಬಾರದು ಎಂದು ಬುಟ್ಟಿ ತುಂಬುತ್ತಿದ್ದ ಕೈಗಳ ಮೇಲೆ ನನಗೆ ಗೌರವವಿದೆ.

ಕುಸ್ವಾರ್, ಅಂದರೆ ಕ್ರಿಸ್ಮಸಿಗೆ ಹಂಚುವ ತಿಂಡಿಗಳ ವಿಷಯದಲ್ಲಿ ನನ್ನ ಅಮ್ಮನಷ್ಟು ಕಟ್ಟುನಿಟ್ಟಿನವರನ್ನು ನಾನು ನೋಡಿಲ್ಲ. ಈ ತಿಂಡಿಗಳಲ್ಲಿ ಅರ್ಧಕ್ಕರ್ಧ ಮೊಟ್ಟೆ ಇಲ್ಲದೆಯೇ ಆಗುತ್ತವೆ. ತೆಂಗಿನಕಾಯಿ, ಸಕ್ಕರೆ, ಎಳ್ಳು, ದ್ರಾಕ್ಷಿ ತುಂಬಿದ ನೆವ್ರ್ಯೊ, ತೆಂಗಿನ ಹಾಲು ಹಾಕಿ ಕಲಸಿ ಬಾಚಣಿಗೆಯ ಮೇಲೆ ಸುತ್ತಿ ತೆಗೆಯುವ ಕಿಡ್ಯೊ, ಎಳ್ಳುಂಡೆ, ಚಕ್ಕುಲಿ. ಹೂವಿನ ಅಚ್ಚು ಅದ್ದಿ ಕರಿಯುವ ಕೊಕ್ಕಿಸಾಂಗೆ ಮೊಟ್ಟೆ ಬೀಳುತ್ತದೆ. ಗೋಡಂಬಿಯ ಮಾರ್ಜಿಪಾನಿಗೆ ಮೊಟ್ಟೆಯ ಬಿಳಿ ಬೀಳುತ್ತದೆ. ಅಮ್ಮ ಮೊಟ್ಟೆ ಇಲ್ಲದ್ದನ್ನೆಲ್ಲ ಮೊದಲು, ಹೊಸ ಎಣ್ಣೆಯಲ್ಲಿ ಕರಿದು, ಡಬ್ಬಿಗೆ ತುಂಬಿಸಿ, ಮುಚ್ಚಳಕ್ಕೆ ಹಸಿರು ನೂಲು ಕಟ್ಟುತ್ತಿದ್ದರು. ಆಮೇಲೆ ಕೊಕ್ಕಿಸಾಂ ಹಿಟ್ಟಿಗೆ ಕೈ. ಒಂದು ಸಲ ಭಟ್ರು ತಟ್ಟೆ ನೋಡಿ ಕೇಳಿದರು.

"ಬಾಯಮ್ಮ, ಇದ್ರಲ್ಲಿ ಮೊಟ್ಟೆ ಉಂಟಾ?"

"ಇಲ್ಲ ಭಟ್ರೆ, ನಿಮ್ಮ ತಟ್ಟೆಯದ್ದು ಯಾವುದ್ರಲ್ಲೂ ಇಲ್ಲ. ಮಕ್ಕಳ ಕೈಯಲ್ಲಿರುವ ಆ ಹೂವಿನ ಹಾಗಿರುವುದರಲ್ಲಿ ಉಂಟು. ಅದು ಕೊಟ್ರೆ ತಗೊಳ್ಳಬೇಡಿ."

ಭಟ್ರು ಮತ್ತೆ ಕೇಳಲಿಲ್ಲ. ಆವತ್ತು ಮಾತ್ರವಲ್ಲ, ಆಮೇಲೆ ಯಾವ ವರ್ಷವೂ ಕೇಳಲಿಲ್ಲ. ಏನಿಲ್ಲ ಎಂದು ಹೇಳುವುದರ ಜೊತೆಗೆ ಎಲ್ಲಿ ಉಂಟು ಎಂದೂ ಅಮ್ಮ ಹೇಳಿದರಲ್ಲ, ಭಟ್ರಿಗೆ ನಂಬಿಕೆ ಬಂದದ್ದು ಅದರಿಂದ ಎಂದು ನನಗೆ ಅನಿಸುತ್ತದೆ.

ಪೇಟೆಯ ಸಾಮಾನಿನಲ್ಲಿ ಕಣ್ಣು ಇನ್ನೂ ಚುರುಕಾಗಿರಬೇಕು. ಮಕ್ಕಳಿಗೆಂದು ಮಾಡುವ ಜೆಲ್ಲಿ, ಪುಡ್ಡಿಂಗ್, ಅಂಗಡಿಯ ಮಾರ್ಷ್‌ಮ್ಯಾಲೋ ಇವುಗಳಲ್ಲಿ ಹೆಚ್ಚಾಗಿ ಜೆಲಾಟಿನ್ ಇರುತ್ತದೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಚೈನಾ ಗ್ರಾಸ್ ಹಾಕಿದರೆ ತೊಂದರೆಯಿಲ್ಲ, ಅದು ಕಡಲ ಪಾಚಿಯದ್ದು. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿಯೇ ತರಬೇಕು. ಬೇಕರಿಯ ಪಫ್ ಒಳಗೆ ಬರೀ ತರಕಾರಿ ಇದ್ದರೂ ಮೇಲೆ ಹೊಳಪಿಗೆ ಮೊಟ್ಟೆ ಸವರಿರಬಹುದು, ಕೇಳಿ ತರುವುದು ಒಳ್ಳೆಯದು.

ಕೇಕ್ ಇಲ್ಲದೆ ಕ್ರಿಸ್ಮಸ್ ಇಲ್ಲ. ಮೊಟ್ಟೆ ಇಲ್ಲದ ಪ್ಲಮ್ ಕೇಕ್ ಒಣ ಇಟ್ಟಿಗೆ ಎಂಬ ಮಾತಿದೆ, ನಾನು ಒಪ್ಪುವುದಿಲ್ಲ. 1 ಕಪ್ ದಪ್ಪ ಮೊಸರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಕಲಕಿ. ಮೊಸರಿನ ಹುಳಿ ಸೋಡಾದ ಜೊತೆ ಸೇರಿ ನೊರೆ ಏಳುತ್ತದೆ, ಕೇಕನ್ನು ಉಬ್ಬಿಸುವುದು ಆ ಗಾಳಿಯೇ. ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಹಾಗಾಗಿ ಓವನ್ ಮೊದಲೇ ಬಿಸಿಯಾಗಿರಬೇಕು, ಹಿಟ್ಟು ಕಲಸಿದ ಕೂಡಲೇ ಒಳಗೆ ಹೋಗಬೇಕು. ಒಣ ಹಣ್ಣುಗಳನ್ನು ರಮ್‌ನಲ್ಲಿ ನೆನೆಸುವ ಬದಲು ಕಿತ್ತಳೆ ರಸದಲ್ಲಿ ಫ್ರಿಜ್ಜಿನೊಳಗೆ ನೆನೆಸಿಟ್ಟರೆ ಒಳ್ಳೆಯ ಪರಿಮಳ ಬರುತ್ತದೆ. ರಮ್‌ನ ಹಾಗೆ ಅದು ವಾರಗಟ್ಟಲೆ ಇರುವುದಿಲ್ಲ, ಎರಡು ದಿನದೊಳಗೆ ಬಳಸಬೇಕು.

ಅಡುಗೆಮನೆಯಲ್ಲಿ ನನ್ನದು ಒಂದು ಕ್ರಮ ಇದೆ. ಮಾಂಸ ಮನೆಯೊಳಗೆ ಬರುವ ಮೊದಲು ತರಕಾರಿ ಅಡುಗೆ ಮುಗಿಯಬೇಕು. 24ರ ಮಧ್ಯಾಹ್ನ ಬಫಾತ್, ಗಸಿಗೆ ಮಸಾಲೆ, ಪಲ್ಯಕ್ಕೆ ಹೆಚ್ಚುವುದು ಎಲ್ಲ ಆಗಿ, ಪಾತ್ರೆಗಳು ಮುಚ್ಚಿ ಬೇರೆ ಕೋಣೆ ಸೇರುತ್ತವೆ. ಆಮೇಲೆಯೇ ಹಂದಿ ಮಾಂಸ ಕತ್ತರಿಸಲು ಮಣೆ ಹೊರಗೆ ಬರುವುದು. ಬಾಣಲೆ, ಸಟ್ಟುಗ, ಮಿಕ್ಸಿ ಜಾರು ಬೇರೆ. ಮೀನು ಕರಿದ ಎಣ್ಣೆ ಎಷ್ಟು ತಿಳಿಯಾಗಿ ಕಂಡರೂ ಹಪ್ಪಳಕ್ಕೆ ಬೇಡ. ಮನೆಯಲ್ಲಿ ಕೈ ಜೋಡಿಸುವವರು ಜಾಸ್ತಿ ಇದ್ದಾಗ ಒಂದೇ ಸೌಟು ಎರಡೂ ಪಾತ್ರೆಗೆ ಹೋಗುವುದು ಕ್ಷಣದ ಕೆಲಸ. ಅದಕ್ಕೆ ತರಕಾರಿಯ ಸೌಟುಗಳೆಲ್ಲ ಮರದ್ದು, ಮಾಂಸದ್ದೆಲ್ಲ ಸ್ಟೀಲು. ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಬಡಿಸುವಾಗ ಒಂದು ವಿಷಯ ಮದುವೆ ಹಾಲ್‌ಗಳಲ್ಲೂ ನೋಡುತ್ತೇನೆ. ವೆಜ್ ಕೌಂಟರಿಗೆ ಅಡುಗೆ ಮಾಡಿಸುವುದು ವೆಜ್‌ನವರ ತಲೆ ಎಣಿಸಿ. ಆದರೆ ತೆಂಡ್ಲಿ ಬಿಬ್ಬೊ ಕಂಡರೆ ಮಾಂಸ ತಿನ್ನುವವರೂ ಎರಡು ಸೌಟು ಹಾಕಿಸಿಕೊಳ್ಳುತ್ತಾರೆ. ಯಾಕೆ ಹಾಕಿಸಿಕೊಳ್ಳಬಾರದು? ಕೊನೆಗೆ ಭಟ್ರು ಕೈ ತೊಳೆದು ಬರುವಾಗ ಪಾತ್ರೆಯ ತಳ ಕಾಣುತ್ತದೆ. ಮಾಂಸ ಮುಗಿದರೆ ಎಲ್ಲರಿಗೂ ಬೇರೆ ಏನಾದರೂ ಇದೆ, ತರಕಾರಿ ಮುಗಿದರೆ ಅವರಿಗೆ ಬೇರೆ ಏನೂ ಇಲ್ಲ. ಆದ್ದರಿಂದ ಎಲ್ಲರೂ ತಿನ್ನುತ್ತಾರೆ ಎಂದೇ ಲೆಕ್ಕ ಹಾಕಿ ಮಾಡಬೇಕು, ಮಾಂಸ ತಿನ್ನದವರಿಗೆ ಮೊದಲು ಬಡಿಸಬೇಕು. ಮೊದಲ ಪಂಕ್ತಿ, ಚಪ್ಪರದ ಗಾಳಿ ಬೀಸುವ ಬದಿ, ಬಾಳೆ ಎಲೆ. ಮಾಂಸದ ವಾಸನೆ ಆಗದವರಿಗೆ ಅಲ್ಲಿ ಕಷ್ಟವಿಲ್ಲ. ಆದರೆ ಅವರನ್ನು ಮಾತ್ರ ಒಳಗಿನ ಕೋಣೆಯಲ್ಲಿ ಕೂರಿಸಿ ಬಡಿಸುವುದು ನನಗೆ ಸರಿ ಕಾಣುವುದಿಲ್ಲ. ಹಬ್ಬದ ನಗು, ಗಲಾಟೆ ಎಲ್ಲ ಹೊರಗೆ, ಅವರೊಬ್ಬರು ಒಳಗೆ, ಅದೆಂಥ ಊಟ? ನಮ್ಮ ಮನೆಯ ಒಬ್ಬರಾದರೂ ಅವರ ಪಂಕ್ತಿಯಲ್ಲಿ ಕೂತು ಅದೇ ಎಲೆಯ ಊಟ ಮಾಡಬೇಕು. ನಮ್ಮಲ್ಲಿ ಅಪ್ಪ ಕೂರುತ್ತಾರೆ. ಕೈಯಲ್ಲಿ ಸುವರ್ಣಗಡ್ಡೆ ಹಿಡಿದು ಭಟ್ರ ಜೊತೆ ಅಡಿಕೆ ರೇಟಿನ ಮಾತು ಶುರುವಾದರೆ ವೊರ್ನ್ ಬರುವ ತನಕ ನಿಲ್ಲುವುದಿಲ್ಲ.

ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ನನ್ನ ತಂಗಿ ಇದನ್ನೆಲ್ಲ ಓದಿದರೆ "ಅಷ್ಟೆಲ್ಲ ಇಲ್ಲಿ ಆಗ್ಲಿಕ್ಕಿಲ್ಲ" ಎನ್ನುತ್ತಾಳೆ. ಆಫೀಸಿನವರು ಬರುತ್ತಾರೆ, ಗ್ಯಾಸಿನಲ್ಲಿ ಇರುವುದೇ ಎರಡು ಒಲೆ. ಅವಳಿಗೆ ನಾನು ಹೇಳುವುದು ಇಷ್ಟು. ಒಂದೇ ಪದಾರ್ಥ ಮಾಡು, ಆದರೆ ನಮ್ಮದು ಮಾಡು. ಹೆಸರುಕಾಳಿನ ಗಸಿ ಸಾಕು, ಜೈನರಿಗೆ ಮೊಳಕೆ ಆಗುತ್ತದೋ ಇಲ್ಲವೋ ಮೊದಲೇ ಕೇಳಿಕೋ. ಕಾಳನ್ನು 23ರ ರಾತ್ರಿ ನೆನೆ ಹಾಕು. 24ರ ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡು. ಬೆಂಗಳೂರಿನ ಚಳಿಗೆ ಮೊಳಕೆ ಬೇಗ ಬರುವುದಿಲ್ಲ, ಅದಕ್ಕೆ ಬಟ್ಟೆಯ ಗಂಟನ್ನು ಮುಚ್ಚಳ ಇರುವ ಪಾತ್ರೆಯಲ್ಲಿಟ್ಟು ಫ್ರಿಜ್ಜಿನ ಹಿಂದೆ, ಬೆಚ್ಚಗಿರುವ ಕಡೆ ಇಡು. ಬಫಾತ್ ಪುಡಿ ಮುಗಿದಿದ್ದರೆ ಈಗಲೇ ಹೇಳು, ಊರಿಂದ ಬರುವವರ ಕೈಯಲ್ಲಿ ಕಳಿಸುತ್ತೇನೆ.